ಸಹಾಯ ಬೇಕು: ಶಹಾಪುರದಿಂದ ಕಲಬುರಗಿಗೆ ಪಿಎಲ್‌ಜಿಎಫ್ ಸ್ಯಾಂಪಲ್

ಲ್ಯಾಬ್‌ನವರಿಗೂ ಹೆರಿಗೆ ಡಾಕ್ಟರರಿಗೂ ಶರಣು. ಶಹಾಪುರ, ಸುರಪುರ ಕಡೆಯ ಗರ್ಭಿಣಿಯರಿಗೆ 11ರಿಂದ 13 ವಾರ 6 ದಿನದೊಳಗೆ ಪ್ಯಾಪ್-ಎ, ಪಿಎಲ್‌ಜಿಎಫ್ (ತಾಯಿಯ ರಕ್ತದಲ್ಲಿ ಸಿಗುವ ಮಾಸಿನ ಎರಡು ಪ್ರೋಟೀನುಗಳ) ಪರೀಕ್ಷೆ ಮಾಡಿಸಬೇಕಿದೆ. ಕಲಬುರಗಿಯಲ್ಲಿ ಈ ಎರಡನ್ನೂ ಯಾರು ಮಾಡುತ್ತಾರೆ, ಯಾವ ಮಷಿನ್, ರಿಪೋರ್ಟಿಗೆ ಎಷ್ಟು ದಿನ? ತಡವಾದರೆ ಪ್ರಯೋಜನವಿಲ್ಲ: ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾ ಅಪಾಯ ಹೆಚ್ಚೆಂದು ಕಂಡರೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಅನ್ನು ಡಾಕ್ಟರರು 16 ವಾರದೊಳಗೇ ಶುರು ಮಾಡಬೇಕು.

ರಕ್ತ ಕೆಂಪು ಮುಚ್ಚಳದ ಟ್ಯೂಬಿನಲ್ಲೇ ಇರಲಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಟ್ಯೂಬಿನಲ್ಲಿ ಪ್ಯಾಪ್-ಎ ಸುಳ್ಳೇ ಕಡಿಮೆ ಬರುತ್ತದೆ. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿ ದ್ರವವಾದ ಸೀರಮ್ ಬೇರೆ ಮಾಡಿ, 2ರಿಂದ 8 ಡಿಗ್ರಿಯಲ್ಲಿ ಕಳಿಸುವ ಯೋಚನೆ. ನಮ್ಮ ಬೇಸಿಗೆಯಲ್ಲಿ ಬಸ್ಸಿನ ಪಾರ್ಸೆಲ್ ನಂಬಬಹುದೇ? ಐಸ್ ಪ್ಯಾಕ್‌ಗೆ ತಾಗದಂತೆ ಟ್ಯೂಬ್ ಹೇಗೆ ಕಟ್ಟುತ್ತೀರಿ?

ದೊಡ್ಡ ತಪ್ಪು ಆಗುವುದು ದಿನಾಂಕದಲ್ಲಿ. ಮುಟ್ಟಿನ ದಿನ ಅಂದಾಜಿಗೆ ಬರೆದು ವಾರ ಹೆಚ್ಚು ತೋರಿಸಿದರೆ, ಸರಿ ಇರುವ ಪಿಎಲ್‌ಜಿಎಫ್ ಕೂಡ ಆ ವಾರಕ್ಕೆ ಕಡಿಮೆ ಎನಿಸುತ್ತದೆ. ಹಾಗಾಗಿ ಸ್ಕ್ಯಾನಿನ ಸಿಆರ್‌ಎಲ್ ಅಳತೆ (ಮಗುವಿನ ತಲೆಯಿಂದ ಪೃಷ್ಠದವರೆಗಿನ ಉದ್ದ), ಆ ದಿನದ ತೂಕ, ಎರಡೂ ತೋಳಿನ ಬಿಪಿ ಫಾರ್ಮಿನಲ್ಲಿ ಇರಲೇಬೇಕು. ನಿಮ್ಮ ಲ್ಯಾಬ್ ಇವನ್ನು ಕೇಳುತ್ತದೆಯೇ? ಫಾರ್ಮಿನ ಫೋಟೋ ಹಾಕಿ, ದಯವಿಟ್ಟು.