ಮಳೆಗಾಲದಲ್ಲಿ ನಾಯಿಗೆ ಪ್ಯಾಕೆಟ್ ಫುಡ್ ಹಾಕಬಹುದಾ? ಅನುಭವ ಇದ್ದವರು ಹೇಳಿ

ಕಾರವಾರದಿಂದ ಪ್ರಶ್ನೆ: ಲ್ಯಾಬ್ರಡಾರ್ ಮರಿ ತಂದಿದ್ದೇವೆ. ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು, ಪ್ಯಾಕೆಟ್ ಫುಡ್ ಅನುಕೂಲ. ಅದರಿಂದ ಲಿವರ್ ಹೋಗುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ನಿಜವಾ?

ಅಂಕೋಲಾ: ನಾವು ಪೂರ್ತಿ ಬಿಟ್ಟೆವು. ಕಳೆದ ಆಷಾಢದಲ್ಲಿ ಅಂಗಡಿಯವರು ದೊಡ್ಡ ಚೀಲದಿಂದ ತೂಗಿ ಕೊಟ್ಟಿದ್ದರು, ಕಿಲೋಗೆ 210 ರೂಪಾಯಿ. ಆ ಚೀಲದ ಬಾಯಿ ಇಡೀ ದಿನ ತೆರೆದೇ ಇರುತ್ತದೆ. ನಾಯಿ ಮೊದಲು ಊಟ ಬಿಟ್ಟಿತು, ಆಮೇಲೆ ವಾಂತಿ. ತುಟಿ ಎತ್ತಿ ನೋಡಿದರೆ ಒಸಡು ಅರಿಶಿನ ಹಚ್ಚಿದ ಹಾಗೆ. ಡ್ರಿಪ್‌ಗೆ ದಿನಕ್ಕೆ 650, ರಕ್ತ ಪರೀಕ್ಷೆಗೆ 1,400, ಹುಬ್ಬಳ್ಳಿಗೆ ಕಾರು ಬಾಡಿಗೆ 5,500. ಲಿವರ್ ಸಿರಪ್ ಇನ್ನೂ ನಡೆದಿದೆ. ಬೂಷ್ಟು ಹಿಡಿದ ಫುಡ್ ಇರಬೇಕು ಎಂದರು ಡಾಕ್ಟರು. ಅಂಗಡಿಯವರು ಕೈ ತೊಳೆದುಕೊಂಡರು.

ಶಿರಸಿ: ಅದು ತೆರೆದ ಚೀಲದ ತಪ್ಪು, ಫುಡ್‌ದಲ್ಲ. ನಮ್ಮಲ್ಲಿ ಮಳೆ ಹಿಡಿದರೆ ಕಪಾಟಿನ ಬಟ್ಟೆಗೂ ಬೂಷ್ಟು. ಅದಕ್ಕೇ 3 ಕಿಲೋದ ಸೀಲ್ ಪ್ಯಾಕೆಟ್ಟೇ ತರುತ್ತೇವೆ, ಪ್ಯಾಕೆಟ್ ಸಮೇತ ಸ್ಟೀಲ್ ಡಬ್ಬಿಗೆ ಇಳಿಸುತ್ತೇವೆ. ನಾಯಿ ಗಟ್ಟಿಮುಟ್ಟಾಗಿದೆ. ಅಣ್ಣನ ಮನೆಯ ಮರಿ ಮಜ್ಜಿಗೆ ಅನ್ನದಲ್ಲೇ ಬೆಳೆಯಿತು. ಕ್ಯಾಲ್ಸಿಯಂ ಸಾಲದೆ ಮುಂಗಾಲು ಸೊಟ್ಟ. ಮನೆ ಊಟ ಅಮೃತ ಎನ್ನುವವರು ಅದನ್ನು ಬಂದು ನೋಡಲಿ.

ಅಂಕೋಲಾ: ಸೀಲ್ ಇದ್ದರೆ ಆಯ್ತಾ ಮಾರಾಯ್ರೇ? ಅಮೆರಿಕದಲ್ಲಿ 2020ರ ಡಿಸೆಂಬರ್‌ನಲ್ಲಿ ವಾಪಸ್ ಕರೆಸಿಕೊಂಡ ಫುಡ್ ಸೀಲ್ ಪ್ಯಾಕೆಟ್ಟೇ. ಅಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷಕ್ಕೆ 20 ಪಿಪಿಬಿ, ಅಂದರೆ ನೂರು ಕೋಟಿಯಲ್ಲಿ 20 ಪಾಲು, ಮಿತಿ ಇದೆ, ಅದನ್ನೂ ಮೀರಿತ್ತು. 70ಕ್ಕೂ ಜಾಸ್ತಿ ನಾಯಿ ಸತ್ತವು. ಮೆಕ್ಕೆಜೋಳದ ಬೂಷ್ಟಿನಿಂದ ಬರುವ ಆ ವಿಷ ಫ್ಯಾಕ್ಟರಿಯಲ್ಲಿ ಬೇಯಿಸಿದರೂ ಹೋಗುವುದಿಲ್ಲ. 2007ರಲ್ಲಿ ಪ್ಲಾಸ್ಟಿಕ್‌ಗೆ ಬಳಸುವ ಮೆಲಮೈನ್ ಫುಡ್‌ಗೆ ಬೆರೆತು ಎಷ್ಟೋ ನಾಯಿಗಳ ಕಿಡ್ನಿ ಹೋಯಿತು. ಸುಮ್ನೆ ಧೈರ್ಯ ಹೇಳಬೇಡಿ.

ಕುಮಟಾ: ನಮ್ಮದು ತಾರ್ಲೆ ಮೀನು, ಅನ್ನ, ಮೊಟ್ಟೆ. ಉಪ್ಪಿಲ್ಲ, ಈರುಳ್ಳಿ ಇಲ್ಲ. ಕ್ಯಾಲ್ಸಿಯಂ ಪುಡಿ ಡಾಕ್ಟರು ಬರೆದಷ್ಟು, ತಿಂಗಳಿಗೆ 380. ಜೂನ್, ಜುಲೈ ಬೋಟ್ ಬಂದಾದಾಗ ಮೀನು ಮುಟ್ಟುವ ಹಾಗಿಲ್ಲ, ಕೋಳಿಗೆ ವಾರಕ್ಕೆ 500 ಹೋಗುತ್ತದೆ. ಕೊಡುತ್ತೇವೆ. ಪ್ಯಾಕೆಟ್ ಮನೆಯೊಳಗೆ ಬಂದಿಲ್ಲ, ಬರುವುದೂ ಇಲ್ಲ.

ಹೊನ್ನಾವರ: ನಾಯಿ ಫುಡ್ ಬಗ್ಗೆ ಇಷ್ಟು ಮಾತಾಡುತ್ತೀರಿ. ಮಕ್ಕಳು ಹಾಕುವ ಸಾಸೇಜ್, ನೂಡಲ್ಸ್ ಮಸಾಲೆ ಯಾರ ಲೆಕ್ಕ? ಈರುಳ್ಳಿ, ಬೆಳ್ಳುಳ್ಳಿ ಪುಡಿಗೆ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ನಮ್ಮ ಜೂಲಿಗೆ ರಕ್ತ ಏರಿಸಬೇಕಾಯಿತು, 9,000 ಖರ್ಚು. ಈಗ ಒಣಮೀನು ಅನ್ನ, ಆರಾಮ.

ಕುಮಟಾ: ಒಣಮೀನಾ! ಉಪ್ಪು ಎಷ್ಟಿರುತ್ತದೆ ಗೊತ್ತಲ್ವಾ?

ಹೊನ್ನಾವರ: ರಾತ್ರಿ ನೆನೆಸಿ ನೀರು ಚೆಲ್ಲುತ್ತೇವೆ. ಮೀನು ಹೇಗೆ ತೊಳೆಯಬೇಕೆಂದು ನನಗೆ ಕಲಿಸಬೇಡಿ.

ಕುಮಟಾ: ಒಂದು ನೀರಿಗೆ ಎಲ್ಲಾ ಉಪ್ಪು ಬಿಡುವುದಿಲ್ಲ. ನೆನೆಸಿದ ತುಂಡು ನೀವೇ ಬಾಯಿಗೆ ಹಾಕಿ ನೋಡಿ, ಆಮೇಲೆ ಜೂಲಿಗೆ ಹಾಕಿ.