ನೆಟ್‌ಬಾಕ್ಸ್ ಎಪಿಐ ಮೂಲಕ ಕೊಟ್ಟ ಐಪಿಗಳು ಡಬಲ್ ಆಗಿವೆ, ಆದರೆ ಎರರ್ ಬರುತ್ತಿಲ್ಲ [ಪರಿಹಾರ ಸಿಕ್ಕಿದೆ]

ಲ್ಯಾಬ್_ಕಾವಲು · ಸೋಮವಾರ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದರ ಹಿಂದೆ ಬಿದ್ದಿದ್ದೇನೆ, ದಾರಿ ಕಾಣುತ್ತಿಲ್ಲ.

ನಮ್ಮ ಟೆಸ್ಟ್ ಲ್ಯಾಬ್‌ಗೆ ಒಂದು ಪ್ರಿಫಿಕ್ಸ್ (ಐಪಿ ವಿಳಾಸಗಳ ಒಂದು ಗುಂಪು) ಇದೆ: 10.20.8.0/22. ಯಾವ ಐಪಿ ಯಾವ ಮೆಷಿನ್‌ಗೆ ಅನ್ನುವ ಲೆಕ್ಕವನ್ನೆಲ್ಲ ನೆಟ್‌ಬಾಕ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಇಡುತ್ತೇವೆ. ಎರಡು ವರ್ಷ ನಾನೇ ಕೈಯಿಂದ ಒಂದೊಂದೇ ಐಪಿ ಸೇರಿಸುತ್ತಿದ್ದೆ. ಕಳೆದ ತಿಂಗಳು ಒಂದೇ ಸಲಕ್ಕೆ ಜಾಸ್ತಿ ವಿಎಂ (ವರ್ಚುವಲ್ ಮೆಷಿನ್) ಬೇಕಾದವು, ಅದಕ್ಕೆ ನೆಟ್‌ಬಾಕ್ಸ್‌ನ ಎಪಿಐ (ಪ್ರೋಗ್ರಾಂಗಳು ಅದರ ಜೊತೆ ಮಾತಾಡುವ ದಾರಿ) ಬಳಸಿ ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದೆ. ಅದು ಮಾಡುವುದು ಇಷ್ಟು:

ಮೊದಲು ಐಪಿ ವಿಳಾಸಗಳ ಪಟ್ಟಿಯನ್ನು ಗೆಟ್ ಮಾಡುತ್ತದೆ (ಕೇಳಿ ಓದುತ್ತದೆ), ಪೇರೆಂಟ್ ಫಿಲ್ಟರ್‌ಗೆ 10.20.8.0/22 ಕೊಟ್ಟು. ಪಟ್ಟಿಯಲ್ಲಿ ಇಲ್ಲದ ಅತಿ ಸಣ್ಣ ವಿಳಾಸ ಹುಡುಕುತ್ತದೆ. ಅದನ್ನು ಪೋಸ್ಟ್ ಮಾಡುತ್ತದೆ, ಅಂದರೆ ಹೊಸ ನಮೂದಾಗಿ ಕಳಿಸುತ್ತದೆ. 400 (ಕೋರಿಕೆ ತಿರಸ್ಕರಿಸಿದೆ ಅನ್ನುವ ಉತ್ತರ) ಬಂದರೆ ಒಂದು ಕೂಡಿಸಿ ಮುಂದಿನದಕ್ಕೆ ಹೋಗುತ್ತದೆ.

ಹೀಗೆ 80 ವಿಎಂಗಳಿಗೆ ಐಪಿ ಕೊಟ್ಟಾಯಿತು. ಈಗ ನೋಡಿದರೆ ಕೆಲವು ವಿಳಾಸಗಳು ಎರಡೆರಡು ಮೆಷಿನ್‌ಗೆ ಹೋಗಿವೆ. ನೆಟ್‌ಬಾಕ್ಸ್‌ನಲ್ಲೂ ಅದೇ ವಿಳಾಸ ಎರಡು ಸಲ ಕಾಣುತ್ತದೆ. ಎನ್‌ಫೋರ್ಸ್ ಗ್ಲೋಬಲ್ ಯೂನಿಕ್ (ಒಂದೇ ವಿಳಾಸ ಎರಡು ಸಲ ಬರದಂತೆ ತಡೆಯುವ ಸೆಟ್ಟಿಂಗ್) ಆನ್ ಇದೆ, ಆದರೂ ಎಪಿಐ ನನಗೆ 201 (ಹೊಸ ನಮೂದು ಆಯಿತು) ಅಂತಲೇ ಹೇಳಿತ್ತು.

ಡಬಲ್ ಆದವುಗಳಲ್ಲಿ ಒಂದು ಡೇಟಾಬೇಸ್ ಮೆಷಿನ್. ಆ ತಂಡದವರು ಒಂದಿಡೀ ದಿನ ತಮ್ಮ ಕೋಡ್‌ನಲ್ಲಿ ತಪ್ಪು ಹುಡುಕಿದ್ದಾರೆ. ನನ್ನಿಂದ ಅವರಿಗೆ ಹೀಗಾಯಿತಲ್ಲ ಅಂತ ತುಂಬಾ ಬೇಸರವಾಗಿದೆ. ಎಲ್ಲಿ ಎಡವಿದ್ದೇನೆ ಹೇಳಿ.

ಪುಟ್ಟಸ್ವಿಚ್ · ಸೋಮವಾರ, 10:40

ನಾನಾದರೆ ಐಪಿ ಕೊಡುವ ಮೊದಲು ಒಂದು ಪಿಂಗ್ ಹಾಕಿಸುತ್ತಿದ್ದೆ. ಉತ್ತರ ಬಂದರೆ ಆ ವಿಳಾಸ ಬಿಟ್ಟುಬಿಡುವುದು. ಸ್ಕ್ರಿಪ್ಟ್‌ಗೆ ನಾಲ್ಕು ಸಾಲು ಸೇರಿಸಿದರೆ ಸಾಕು.

ಹಳೇವೈರು · ಸೋಮವಾರ, 11:05

ಪಿಂಗ್ ನಂಬಿ ಕೂರಬೇಡಿ. ಆ ಹೊತ್ತಿಗೆ ಆಫ್ ಆಗಿರುವ ವಿಎಂ ಉತ್ತರ ಕೊಡಲ್ಲ. ವಿಂಡೋಸ್ ಫೈರ್‌ವಾಲ್ ಎಷ್ಟೋ ಕಡೆ ಪಿಂಗ್ ತಡೆದಿರುತ್ತದೆ. ಒಂದೇ ವಿಲ್ಯಾನ್ (ಒಂದೇ ಸ್ಥಳೀಯ ಜಾಲ) ಒಳಗೆ ಇದ್ದರೆ ಎಆರ್‌ಪಿಂಗ್ (ಐಪಿಗೆ ಸೇರಿದ ಹಾರ್ಡ್‌ವೇರ್ ವಿಳಾಸ, ಅಂದರೆ ಮ್ಯಾಕ್, ಕೇಳುವ ಎಆರ್‌ಪಿ ಮೂಲಕ ನೋಡುವುದು) ವಾಸಿ, ಫೈರ್‌ವಾಲ್ ಇದ್ದರೂ ಎಆರ್‌ಪಿಗೆ ಸಾಮಾನ್ಯವಾಗಿ ಉತ್ತರ ಬರುತ್ತದೆ. ಆದರೆ ಅದೂ ಕೊನೆಗೊಂದು ತಪಾಸಣೆ ಅಷ್ಟೇ. ಪುಸ್ತಕದಲ್ಲೇ ಲೆಕ್ಕ ತಪ್ಪಿದ್ದರೆ ಮೊದಲು ಅದನ್ನು ಸರಿಮಾಡಬೇಕು.

ಲ್ಯಾಬ್_ಕಾವಲು, ಮೂರು ವಿಷಯ ತಿಳಿಸಿ. ಡಬಲ್ ಆದ ವಿಳಾಸಗಳು ಸರಿಯಾಗಿ ಯಾವುವು? ಕೈಯಿಂದ ಸೇರಿಸಿದ್ದು ಎಷ್ಟು? ಆ ಪ್ರಿಫಿಕ್ಸ್ ಯಾವ ವಿಆರ್‌ಎಫ್‌ನಲ್ಲಿದೆ (ಒಂದು ಜಾಲದ ವಿಳಾಸಗಳನ್ನು ಬೇರೆಯಾಗಿ ಇಡುವ ವಿಭಾಗ)? ಉತ್ತರ ಹಾಕುವಾಗ ಎಪಿಐ ಟೋಕನ್ (ಗುಟ್ಟಿನ ಕೀಲಿ) ಕಾಣಿಸದ ಹಾಗೆ ನೋಡಿಕೊಳ್ಳಿ.

ಲ್ಯಾಬ್_ಕಾವಲು · ಸೋಮವಾರ, 11:48

ಕೈಯಿಂದ ಸೇರಿಸಿದ್ದು 59. ಗೇಟ್‌ವೇ 10.20.8.1, ಅಲ್ಲಿಂದ ಸಾಲಾಗಿ 10.20.8.59 ವರೆಗೆ, ಮಧ್ಯ ಒಂದೂ ಖಾಲಿ ಇಲ್ಲ.

ಡಬಲ್ ಆಗಿರುವುದು 10.20.8.51ರಿಂದ 10.20.8.59 ವರೆಗೆ, ಒಟ್ಟು ಒಂಬತ್ತು. 60ರ ನಂತರ ಒಂದೂ ಇಲ್ಲ. ಸ್ಕ್ರಿಪ್ಟ್ ಕೊಟ್ಟ ಕೊನೆಯ ವಿಳಾಸ 10.20.8.130.

ಪ್ರಿಫಿಕ್ಸ್ "ಲ್ಯಾಬ್" ಅನ್ನುವ ವಿಆರ್‌ಎಫ್‌ನಲ್ಲಿದೆ. ಕೈಯಿಂದ ಹಾಕಿದವೂ ಅದರಲ್ಲೇ ಇವೆ. ಸ್ಕ್ರಿಪ್ಟ್‌ನಲ್ಲಿ ವಿಆರ್‌ಎಫ್ ಬಗ್ಗೆ ಏನೂ ಬರೆದಿಲ್ಲ, ಅದು ಬೇಕಾಗುತ್ತದೆ ಅಂತ ಅನಿಸಿರಲಿಲ್ಲ.

ಹಳೇವೈರು · ಸೋಮವಾರ, ಮಧ್ಯಾಹ್ನ 1:20

51 ಅಂದ ಕೂಡಲೇ ವಿಷಯ ತಿಳಿಯಿತು. ಇಲ್ಲಿ ಒಂದು ತಪ್ಪಲ್ಲ, ಎರಡು ತಪ್ಪು ಒಟ್ಟಿಗೆ ಸೇರಿವೆ. ಒಂದೇ ಇದ್ದಿದ್ದರೆ ಹೀಗೆ ಡಬಲ್ ಆಗುತ್ತಿರಲಿಲ್ಲ.

ಮೊದಲನೆಯದು ಪುಟ. ನೆಟ್‌ಬಾಕ್ಸ್ ಪಟ್ಟಿ ಕೇಳಿದರೆ ಎಲ್ಲವನ್ನೂ ಒಮ್ಮೆಗೇ ಕೊಡಲ್ಲ. ನೀವು ಲಿಮಿಟ್ ಹೇಳದಿದ್ದರೆ ಒಂದು ಪುಟಕ್ಕೆ 50. ಉತ್ತರದಲ್ಲಿ "ಕೌಂಟ್" ಅಂತ ಒಟ್ಟು ಸಂಖ್ಯೆ ಇರುತ್ತದೆ, "ನೆಕ್ಸ್ಟ್" ಅಂತ ಮುಂದಿನ ಪುಟದ ಕೊಂಡಿ ಇರುತ್ತದೆ. ನಿಮ್ಮ ಸ್ಕ್ರಿಪ್ಟ್ "ರಿಸಲ್ಟ್ಸ್" ಮಾತ್ರ ಓದಿ ನಿಂತಿದೆ. ಅದರ ಪಾಲಿಗೆ ಜಗತ್ತು 10.20.8.50ಕ್ಕೆ ಮುಗಿಯಿತು. ಪ್ರತಿ ಸಲವೂ 51 ಖಾಲಿ ಅಂತಲೇ ಅದಕ್ಕೆ ಕಾಣುತ್ತದೆ.

ಎರಡನೆಯದು ವಿಆರ್‌ಎಫ್. ವಿಆರ್‌ಎಫ್ ಹೇಳದೆ ಐಪಿ ಪೋಸ್ಟ್ ಮಾಡಿದರೆ ಅದು ಗ್ಲೋಬಲ್ ಟೇಬಲ್‌ಗೆ ಹೋಗುತ್ತದೆ. ನಿಮ್ಮ ಹಳೆಯ 59 ಇರುವುದು ಲ್ಯಾಬ್ ವಿಆರ್‌ಎಫ್‌ನಲ್ಲಿ. ನೆಟ್‌ಬಾಕ್ಸ್ ಕಣ್ಣಿಗೆ ಇವು ಎರಡು ಬೇರೆ ಬೇರೆ ಊರು. ಎರಡೂ ಊರಲ್ಲಿ ಗಾಂಧಿ ಬಜಾರ್ ಇರಬಹುದು, ತಪ್ಪೇನಿಲ್ಲ. ಅದಕ್ಕೇ 201. ವಿಆರ್‌ಎಫ್ ಇರುವುದೇ ಒಂದೇ ವಿಳಾಸವನ್ನು ಬೇರೆ ಬೇರೆ ಜಾಲಗಳು ಬಳಸಲಿ ಅಂತ. ಎರಡನೇ ವಿಎಂ ಹೊತ್ತಿಗೆ ಗ್ಲೋಬಲ್‌ನಲ್ಲೇ 51 ಇತ್ತು, 400 ಬಂತು, ಸ್ಕ್ರಿಪ್ಟ್ 52ಕ್ಕೆ ಜಾರಿತು. ಹೀಗೇ 59 ದಾಟಿತು, ಆಮೇಲೆ ನಿಜವಾಗಿ ಖಾಲಿ ಇದ್ದ ವಿಳಾಸಗಳೇ ಸಿಕ್ಕವು.

ಈ ಎರಡನ್ನೂ ತಿದ್ದಿದರೂ ಮೂರನೆಯದೊಂದು ಉಳಿಯುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಅದೇ. ನಿಮ್ಮ ಸ್ಕ್ರಿಪ್ಟ್ ಮೊದಲು ನೋಡುತ್ತದೆ, ಆಮೇಲೆ ಹಿಡಿಯುತ್ತದೆ. ಬಸ್ಸಿನ ಹೊರಗೆ ನಿಂತು ಸೀಟು ಖಾಲಿ ಇದೆ ಅಂತ ನೋಡಿ, ಸುತ್ತು ಹಾಕಿ ಬಾಗಿಲಿಂದ ಹತ್ತುವಷ್ಟರಲ್ಲಿ ಬೇರೆ ಯಾರೋ ಕೂತಿರುತ್ತಾರೆ. ನಾಲ್ಕು ವಿಎಂ ಒಟ್ಟಿಗೆ ಹುಟ್ಟಿದರೆ ನಾಲ್ಕಕ್ಕೂ ಒಂದೇ ಸೀಟು ಖಾಲಿ ಕಾಣುತ್ತದೆ. "400 ಬರುತ್ತಲ್ಲ" ಅನ್ನಬಹುದು. ಆ ತಪಾಸಣೆ ನಡೆಯುವುದು ಸೇವ್ ಮಾಡುವ ಸ್ವಲ್ಪ ಮುಂಚೆ. ವಿಐಪಿ, ಎನಿಕಾಸ್ಟ್, ವಿಆರ್‌ಆರ್‌ಪಿ ತರಹದ ವಿಳಾಸಗಳು ಬೇಕಂತಲೇ ಎರಡು ಕಡೆ ಇರುತ್ತವೆ, ಹಾಗಾಗಿ ಡೇಟಾಬೇಸ್ ಮಟ್ಟದಲ್ಲಿ ಬಿಗಿಯಾದ ಕಟ್ಟು ಇಲ್ಲ. ಎರಡು ಕೋರಿಕೆ ಒಂದೇ ಕ್ಷಣ ಬಂದರೆ ಎರಡೂ ಪಾಸಾಗಬಹುದು.

ಕರ್ಚೀಫ್ ಹಾಕಿ ಸೀಟು ಹಿಡಿಯುವ ದಾರಿ ನೆಟ್‌ಬಾಕ್ಸ್‌ನಲ್ಲೇ ಇದೆ. ಪ್ರಿಫಿಕ್ಸ್‌ನ ಎಪಿಐ ವಿಳಾಸದ ಕೊನೆಗೆ "ಅವೈಲಬಲ್-ಐಪೀಸ್" ಅಂತ ಸೇರಿಸಿ ಪೋಸ್ಟ್ ಮಾಡಿ. ಯಾವ ಐಪಿ ಬೇಕು ಅಂತ ಹೇಳುವುದೇ ಬೇಡ. ಡಿಎನ್‌ಎಸ್ ಹೆಸರು (ಜಾಲದಲ್ಲಿ ಮೆಷಿನ್‌ನ ಹೆಸರು), ವಿವರಣೆ ಕೊಟ್ಟರೆ ಸಾಕು. ಮುಂದಿನ ಖಾಲಿ ವಿಳಾಸ ಆರಿಸಿ, ಬರೆದು, ನಿಮ್ಮ ಕೈಗೆ ಕೊಡುತ್ತದೆ. ಒಳಗೆ ಪೋಸ್ಟ್‌ಗ್ರೆಸ್‌ನ ಅಡ್ವೈಸರಿ ಲಾಕ್ ಇದೆ, ಒಬ್ಬರದು ಮುಗಿಯುವ ತನಕ ಇನ್ನೊಬ್ಬರು ಕಾಯುತ್ತಾರೆ. ವಿಆರ್‌ಎಫ್ ಮತ್ತು ಮಾಸ್ಕ್ (ಜಾಲ ಎಷ್ಟು ದೊಡ್ಡದು ಅಂತ ಹೇಳುವ ಸಂಖ್ಯೆ) ಪ್ರಿಫಿಕ್ಸ್‌ನಿಂದಲೇ ಬರುತ್ತವೆ. ಜಾಗ ಮುಗಿದಿದ್ದರೆ 409 ಬರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಇಡೀ ಪ್ರಿಫಿಕ್ಸ್ ಬದಲು ಒಂದು ಐಪಿ ರೇಂಜ್ ಮಾಡುತ್ತಿದ್ದೆ. ಉದಾಹರಣೆಗೆ 10.20.8.10ರಿಂದ 10.20.10.255 ವರೆಗೆ, ಲ್ಯಾಬ್ ವಿಆರ್‌ಎಫ್‌ನಲ್ಲೇ. 758 ವಿಳಾಸ. ರೇಂಜ್‌ಗೂ ಇದೇ ತರಹದ ಅವೈಲಬಲ್-ಐಪೀಸ್ ಇದೆ. ಆಗ ಗೇಟ್‌ವೇ ಸುತ್ತಮುತ್ತಲಿನದಕ್ಕೆ, ಡಿಎಚ್‌ಸಿಪಿಗೆ (ಮೆಷಿನ್‌ಗಳಿಗೆ ತಾನಾಗೇ ಐಪಿ ಹಂಚುವ ಸೇವೆ) ಬಿಟ್ಟ ಕೊನೆಯ ಭಾಗಕ್ಕೆ ಸ್ಕ್ರಿಪ್ಟ್ ಕೈ ಹಾಕುವುದೇ ಇಲ್ಲ. ಹೊಸ ಆವೃತ್ತಿಗಳಲ್ಲಿ ರೇಂಜ್‌ಗೆ "ಮಾರ್ಕ್ ಪಾಪ್ಯುಲೇಟೆಡ್" ಅಂತ ಒಂದು ಟಿಕ್ ಇದೆ. ಅದನ್ನು ಡಿಎಚ್‌ಸಿಪಿ ರೇಂಜ್‌ಗೆ ಹಾಕಿ, ಇದಕ್ಕೆ ಹಾಕಬೇಡಿ. ಹಾಕಿದರೆ ರೇಂಜ್ ಪೂರ್ತಿ ತುಂಬಿದೆ ಅಂತ ಲೆಕ್ಕ.

ಒಂದು ಮಾತು. ಮೊದಲು ಹಳೆಯದನ್ನು ಸ್ವಚ್ಛ ಮಾಡಿ, ಆಮೇಲೆ ಇದನ್ನು ಬಳಸಿ. ಈಗಲೇ ಕೇಳಿದರೆ 10.20.8.60 ಕೊಡುತ್ತದೆ, ಯಾಕೆಂದರೆ ನಿಮ್ಮ 80 ನಮೂದುಗಳು ಇನ್ನೂ ಬೇರೆ ಊರಲ್ಲಿವೆ. ಲ್ಯಾಬ್ ವಿಆರ್‌ಎಫ್‌ನಲ್ಲಿ "ಎನ್‌ಫೋರ್ಸ್ ಯೂನಿಕ್" ಆನ್ ಇದೆಯಾ ನೋಡಿ. ಇದ್ದರೆ ಆ 80ನ್ನೂ ಒಂದೊಂದಾಗಿ ಪ್ಯಾಚ್ ಮಾಡಿ (ಇರುವ ನಮೂದನ್ನೇ ತಿದ್ದಿ) ಲ್ಯಾಬ್‌ಗೆ ತನ್ನಿ. ಡಬಲ್ ಇರುವುದಕ್ಕೆ ತಾನಾಗೇ 400 ಬರುತ್ತದೆ. ಅದೇ ನಿಮ್ಮ ಸರಿಪಡಿಸಬೇಕಾದವುಗಳ ಪಟ್ಟಿ.

ಪುಟ್ಟಸ್ವಿಚ್ · ಸೋಮವಾರ, 1:55

ಹಳೇವೈರು ಸರ್, ಆ ರೇಂಜ್ ಒಳಗೆ 10.20.8.255 ಬರುತ್ತದಲ್ಲ? ಅದು ಬ್ರಾಡ್‌ಕಾಸ್ಟ್ (ಎಲ್ಲ ಮೆಷಿನ್‌ಗೂ ಒಟ್ಟಿಗೆ ಕಳಿಸುವ ವಿಳಾಸ) ಅಲ್ವಾ?

ಹಳೇವೈರು · ಸೋಮವಾರ, 2:10

/24 ಆಗಿದ್ದರೆ ಹೌದು. ಇಲ್ಲಿ /22 ಇದೆ, ನೆಟ್‌ವರ್ಕ್ ವಿಳಾಸ 10.20.8.0, ಬ್ರಾಡ್‌ಕಾಸ್ಟ್ 10.20.11.255. ನಡುವಿನ 1022 ವಿಳಾಸವೂ ಬಳಸಬಹುದಾದದ್ದೇ. ಮೆಷಿನ್‌ಗಳಲ್ಲಿ ಮಾಸ್ಕ್ 255.255.252.0 ಅಂತ ಸರಿಯಾಗಿ ಇರಬೇಕು ಅಷ್ಟೇ.

ಲ್ಯಾಬ್_ಕಾವಲು · ಸೋಮವಾರ, ಸಂಜೆ 6:35

ಹಳೇವೈರು ಸರ್, ಹೇಳಿದ ಹಾಗೇ ಆಯಿತು. 71 ಸುಮ್ನೆ ಹೋದವು, 9ಕ್ಕೆ 400 ಬಂತು. ಆ ಒಂಬತ್ತು ಗ್ಲೋಬಲ್ ನಮೂದುಗಳನ್ನು ತೆಗೆದೆ. ಆ ವಿಎಂಗಳಿಗೆ ಹೊಸ ಐಪಿ ಕೊಡೋಣ ಅಂತ ರೇಂಜ್ ಮಾಡಿ ಹೊಸ ಸ್ಕ್ರಿಪ್ಟ್ ಓಡಿಸಿದೆ.

ಒಂಬತ್ತಕ್ಕೂ 10.20.8.131 ಅಂತಲೇ ಬಂತು! ಲಾಕ್ ಇದೆ ಅಂದಿದ್ದಿರಿ, ನಾನು ಒಂದಾದ ಮೇಲೊಂದರಂತೆ ಓಡಿಸಿದ್ದೇನೆ, ಒಟ್ಟಿಗೂ ಅಲ್ಲ. ಎರರ್ ಇಲ್ಲ. ಉತ್ತರದಲ್ಲಿ ವಿಳಾಸಗಳ ಪಟ್ಟಿ ಬರುತ್ತದೆ, ಅದರಲ್ಲಿ ಮೊದಲನೆಯದನ್ನು ತೆಗೆದುಕೊಳ್ಳುತ್ತಿದ್ದೇನೆ. ಪುಣ್ಯಕ್ಕೆ ವಿಎಂಗಳಿಗೆ ಇನ್ನೂ ಹಾಕಿಲ್ಲ.

ಹಳೇವೈರು · ಸೋಮವಾರ, 7:15

"ಪಟ್ಟಿ ಬರುತ್ತದೆ" ಅಂದಿರಲ್ಲ, ಅಲ್ಲೇ ಇದೆ ಸುಳಿವು. ಒಂದೇ ಐಪಿ ಕೇಳಿ ಪೋಸ್ಟ್ ಮಾಡಿದರೆ ಒಂದೇ ವಸ್ತು ಬರಬೇಕು, ಅದಕ್ಕೊಂದು ಐಡಿ ಇರಬೇಕು. ಖಾಲಿ ವಿಳಾಸಗಳ ಪಟ್ಟಿ ಬರುವುದು ಗೆಟ್ ಮಾಡಿದಾಗ.

ಎರಡು ನೋಡಿ. ಸ್ಟೇಟಸ್ 201 ಇದೆಯಾ, 200 ಇದೆಯಾ? ನೀವು ಕರೆದ ವಿಳಾಸದ ಕೊನೆಗೆ ಸ್ಲ್ಯಾಶ್ ಇದೆಯಾ?

ನೆಟ್‌ಬಾಕ್ಸ್ ಜ್ಯಾಂಗೋ ಅನ್ನುವ ಪೈಥಾನ್ ವೆಬ್ ಚೌಕಟ್ಟಿನ ಮೇಲೆ ನಿಂತಿದೆ. ಕೊನೆಯ ಸ್ಲ್ಯಾಶ್ ಇಲ್ಲದಿದ್ದರೆ ಜ್ಯಾಂಗೋ 301 ಕೊಟ್ಟು ಸ್ಲ್ಯಾಶ್ ಇರುವ ವಿಳಾಸಕ್ಕೆ ಕಳಿಸುತ್ತದೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ 301 ಸಿಕ್ಕಾಗ ಪೋಸ್ಟ್ ಅನ್ನು ಗೆಟ್ ಆಗಿ ಬದಲಿಸಿ ಮುಂದೆ ಹೋಗುತ್ತದೆ. ಬ್ರೌಸರ್‌ಗಳು ಮೊದಲಿನಿಂದ ಮಾಡಿಕೊಂಡು ಬಂದಿದ್ದು ಅದೇ ರೀತಿ. ನಿಮಗೆ ಅರಿವಿಲ್ಲದೆ ಒಂಬತ್ತು ಸಲ "ಯಾವುದು ಖಾಲಿ?" ಅಂತ ಕೇಳಿದ್ದೀರಿ. ಯಾರೂ ಏನೂ ಹಿಡಿದಿಲ್ಲ, ಹಾಗಾಗಿ ಒಂಬತ್ತು ಸಲವೂ ಒಂದೇ ಉತ್ತರ. ಎಚ್‌ಟಿಟಿಪಿ ಅಂತ ಬರೆದು, ಮುಂದಿರುವ ಎಂಜಿನ್ಎಕ್ಸ್ ವೆಬ್ ಸರ್ವರ್ ಅದನ್ನು ಎಚ್‌ಟಿಟಿಪಿಎಸ್‌ಗೆ 301 ಮಾಡಿದರೂ ಇದೇ ಕಥೆ.

ರೀಡೈರೆಕ್ಟ್ ಅನುಸರಿಸುವುದನ್ನು ಆಫ್ ಮಾಡಿ, 201 ಅಲ್ಲದ್ದು ಏನೇ ಬಂದರೂ ಸ್ಕ್ರಿಪ್ಟ್ ನಿಲ್ಲಲಿ. ನೆಟ್‌ಬಾಕ್ಸ್‌ಗೆಂದೇ ಇರುವ ಪೈನೆಟ್‌ಬಾಕ್ಸ್ ಲೈಬ್ರರಿ ಬಳಸಿದರೆ ಸ್ಲ್ಯಾಶ್, ಪುಟ ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಆದರೂ ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು.

ಲ್ಯಾಬ್_ಕಾವಲು · ಸೋಮವಾರ, ರಾತ್ರಿ 8:02

ಸ್ಲ್ಯಾಶ್ ಇರಲಿಲ್ಲ. ಸ್ಟೇಟಸ್ 200. ಹಳೆಯ ಸ್ಕ್ರಿಪ್ಟ್‌ನಲ್ಲಿ ಇತ್ತು, ಹೊಸ ವಿಳಾಸ ಬರೆಯುವಾಗ ಬಿಟ್ಟುಹೋಗಿದೆ.

ಸ್ಲ್ಯಾಶ್ ಹಾಕಿ ಈ ಸಲ ಬೇಕಂತಲೇ ಒಂಬತ್ತನ್ನೂ ಒಟ್ಟಿಗೆ ಓಡಿಸಿದೆ. 131ರಿಂದ 139, ಒಂದೊಂದಕ್ಕೂ ಬೇರೆ. ನಾಳೆ ಬೆಳಿಗ್ಗೆ ಮೊದಲು ಆ ಡೇಟಾಬೇಸ್ ತಂಡದ ಹತ್ತಿರ ಹೋಗಿ, ತಪ್ಪು ನಿಮ್ಮ ಕೋಡ್‌ದಲ್ಲ, ನನ್ನದು ಅಂತ ಹೇಳುತ್ತೇನೆ. ತುಂಬಾ ಧನ್ಯವಾದ ಸರ್.

ಸಂಜೆಶಿಫ್ಟ್ · ಮಂಗಳವಾರ, ಬೆಳಿಗ್ಗೆ 9:30

ಇದೇ ತರಹದ ಕೆಲಸ ನನ್ನದೂ. ಎರಡು ಪ್ರಶ್ನೆ. ಪೋಸ್ಟ್ ಮಾಡಿ ಉತ್ತರ ಬರುವ ಮುಂಚೆ ಟೈಮ್‌ಔಟ್ ಆದರೆ ಏನು ಮಾಡುತ್ತೀರಿ? ಮತ್ತೆ ಕೇಳಿದರೆ ಇನ್ನೊಂದು ಐಪಿ ಹೋಗುತ್ತದಲ್ಲ? ಇನ್ನೊಂದು, ವಿಎಂ ಅಳಿಸಿದ ಕೂಡಲೇ ಐಪಿಯನ್ನೂ ಡಿಲೀಟ್ ಮಾಡಬಹುದಾ?

ಹಳೇವೈರು · ಮಂಗಳವಾರ, 10:20

ಹೋಗುತ್ತದೆ. ಹೀಗೇ ಒಂದೊಂದಾಗಿ ಸೋರಿ ಪೂಲ್ ಖಾಲಿಯಾಗುವುದನ್ನು ನಾನೇ ನೋಡಿದ್ದೇನೆ. ಸರ್ವರ್ ಕಡೆ ಐಪಿ ಹುಟ್ಟಿರುತ್ತದೆ, ನಿಮಗೆ ಸುದ್ದಿ ಬಂದಿರಲ್ಲ. ಅದಕ್ಕೇ ಪ್ರತಿ ಕೋರಿಕೆಗೂ ವಿಎಂನ ಡಿಎನ್‌ಎಸ್ ಹೆಸರು ಕಡ್ಡಾಯವಾಗಿ ಸೇರಿಸಿ. ಟೈಮ್‌ಔಟ್ ಆದರೆ ಸ್ವಲ್ಪ ತಡೆದು, ಮೊದಲು ಆ ಹೆಸರಿಂದ ಹುಡುಕಿ. ಸಿಕ್ಕರೆ ಅದನ್ನೇ ಬಳಸಿ, ಸಿಗದಿದ್ದರೆ ಮಾತ್ರ ಮತ್ತೆ ಪೋಸ್ಟ್.

ಡಿಲೀಟ್ ವಿಷಯದಲ್ಲಿ ಅವಸರ ಬೇಡ. ಅವೈಲಬಲ್-ಐಪೀಸ್ ಯಾವಾಗಲೂ ಅತಿ ಸಣ್ಣ ಖಾಲಿ ವಿಳಾಸವನ್ನೇ ಮೊದಲು ಕೊಡುತ್ತದೆ. ಈಗ ಬಿಟ್ಟ ಐಪಿ ಐದು ನಿಮಿಷದಲ್ಲಿ ಬೇರೆ ವಿಎಂಗೆ ಹೋಗಬಹುದು. ಅಷ್ಟರಲ್ಲಿ ರೂಟರ್‌ನ ಎಆರ್‌ಪಿ ಟೇಬಲ್‌ನಲ್ಲಿ ಹಳೆಯ ಮ್ಯಾಕ್ ಇರುತ್ತದೆ, ಡಿಎನ್‌ಎಸ್ ಕ್ಯಾಶ್‌ನಲ್ಲಿ ಹಳೆಯ ಹೆಸರು ಇರುತ್ತದೆ, ಫೈರ್‌ವಾಲ್‌ನಲ್ಲಿ ಹಳೆಯ ನಿಯಮ ಇರುತ್ತದೆ. ನಾನು ಮೊದಲು ಸ್ಟೇಟಸ್ ಅನ್ನು "ಡೆಪ್ರಿಕೇಟೆಡ್" (ಬಳಕೆ ನಿಂತಿದೆ) ಅಂತ ಪ್ಯಾಚ್ ಮಾಡುತ್ತೇನೆ. ನಮೂದು ಇರುವವರೆಗೆ ಸ್ಟೇಟಸ್ ಏನೇ ಇರಲಿ, ಆ ವಿಳಾಸ ಬೇರೆಯವರಿಗೆ ಹೋಗಲ್ಲ. ವಾರ ಕಳೆದ ಮೇಲೆ ರಾತ್ರಿ ಓಡುವ ಇನ್ನೊಂದು ಸಣ್ಣ ಸ್ಕ್ರಿಪ್ಟ್ ಅಂಥವನ್ನು ಡಿಲೀಟ್ ಮಾಡುತ್ತದೆ. ಡಿಲೀಟ್ ಸರಿಯಾಗಿ ಆದರೆ 204 ಬರುತ್ತದೆ, ಜೊತೆಗೆ ಬೇರೇನೂ ಬರಲ್ಲ. ಅದನ್ನು ಜೇಸನ್ ಅಂತ ಓದಲು ಹೋದರೆ ಸ್ಕ್ರಿಪ್ಟ್ ಬೀಳುತ್ತದೆ.

ಲ್ಯಾಬ್_ಕಾವಲು · ಮಂಗಳವಾರ, ಸಂಜೆ 5:10

ಆ ಡೆಪ್ರಿಕೇಟೆಡ್ ಪದ್ಧತಿ ನಾನೂ ಹಾಕಿಕೊಂಡೆ. ಡಿಎನ್‌ಎಸ್ ಹೆಸರಿಂದ ಹುಡುಕಿ ನೋಡಿದಾಗ ಒಂದೇ ವಿಎಂ ಹೆಸರಲ್ಲಿ ಎರಡು ಐಪಿ ಇದ್ದ ಮೂರು ನಮೂದು ಸಿಕ್ಕವು. ಯಾವುದು ನಿಜವಾಗಿ ಬಳಕೆಯಲ್ಲಿದೆ ಅಂತ ಒಂದೊಂದೇ ವಿಎಂ ಒಳಗೆ ಹೋಗಿ ನೋಡುತ್ತಿದ್ದೇನೆ.