ಕೈಲೆ ಹೆಣೆದ ಸ್ವೆಟರ್ ಜೋಲು ಬಿದ್ದೈತಿ, ಪೂರ್ತಿ ಬಿಚ್ಚದ ಸರಿ ಮಾಡೂದು ಹೆಂಗ?

ಟಿಳಕವಾಡಿ ಕಡ್ಡಿ:
ಹಿಂದ, ಮುಂದ, ಎರಡು ತೋಳು ಬ್ಯಾರೆ ಬ್ಯಾರೆ ಹೆಣೆದು ಕೂಡಿಸಿದ ಸ್ವೆಟರ್. ತಳದಿಂದ ಮ್ಯಾಲಕ್ಕ ಹೆಣದದ್ದು, 4 ಮಿ.ಮೀ. ಕಡ್ಡಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ. ತೊಳೆದ ಮ್ಯಾಲೆ 10 ಸೆಂ.ಮೀ.ಗೆ 22 ಕುಣಿಕಿ, 28 ಸಾಲು ಬರ್ತಾವ. ನನ್ನ ಎದಿ ಸುತ್ತಳತಿ 90, ಸ್ವೆಟರಿಂದು 104. ಉದ್ದ 64, ಸೊಂಟದ ಕೆಳಗ ಎಲ್ಲಿ ಅಗಲ ಐತಿ ಅಲ್ಲೇ ಬಂದು ನಿಲ್ತೈತಿ, ಗೋಣಿಚೀಲ ಹಾಕ್ಕೊಂಡಂಗ ಕಾಣ್ತೈತಿ. 57 ಸಾಕು. ಭುಜದ ಹೊಲಿಗಿ 3 ಸೆಂ.ಮೀ. ಇಳದೈತಿ, ತೋಳು ಮುಂಗೈ ದಾಟಿ 5 ಸೆಂ.ಮೀ. ಉದ್ದ. ಮೊದಲ ತೋಳು ಗಿಡ್ಡ ಮಾಡ್ಲ್ಯಾ? ಅದೇ ಬಣ್ಣದ ದಾರ ಈಗ ಸಿಗವಲ್ದು. ಉಲ್ಲನ್ ಮಿಕ್ಸ್ ಅಂತ ಅಂಗಡ್ಯಾಗ ಹೇಳಿದ್ರು.

ಗೋಕಾಕ ಗಂಟು:
ತೋಳು ಈಗ ಮುಟ್ಟಬ್ಯಾಡ್ರಿ ಅಕ್ಕಾರ. ಭುಜ ಇಳಿದ್ರ ತೋಳೂ ಅಷ್ಟೇ ಇಳೀತೈತಿ. ಈಗ 5 ಸೆಂ.ಮೀ. ಬಿಚ್ಚಿ, ಆಮ್ಯಾಲೆ ಭುಜ ಎತ್ತಿದ್ರ ತೋಳು ಗಿಡ್ಡಾಗಿ ಹೋಗ್ತೈತಿ. ಭುಜ, ಅಗಲ, ಉದ್ದ, ಕಡೀಕ ತೋಳು.

ಸ್ವೆಟರಿನ ತೂಕ ಎಲ್ಲಾ ಭುಜದ ಹೊಲಿಗಿ ಮ್ಯಾಲೇ ಜೋತು ಬೀಳೂದರಿಂದ ಅದು ಎಳದು ಉದ್ದ ಆಗ್ತೈತಿ. ಅರ್ಧ ಇಂಚಿನ ಹತ್ತಿ ಪಟ್ಟಿ ತೊಗೊಂಡು ಮೊದಲ ತೊಳೆದು ಒಣಗಿಸ್ರಿ, ಇಲ್ಲಂದ್ರ ಆಮ್ಯಾಲೆ ಕುಗ್ತೈತಿ. ಒಳಮಗ್ಗಲಿಂದ ಒಂದು ತೋಳಿನ ಹೊಲಿಗಿಯಿಂದ ಕುತ್ತಿಗಿ ಹಿಂದ ಹಾಯ್ದು ಇನ್ನೊಂದು ತೋಳಿನ ತನಕ ಒಂದೇ ಪಟ್ಟಿ, ಸ್ವೆಟರಿನ ಅಳತಿಗಿಂತ 4 ಸೆಂ.ಮೀ. ಕಮ್ಮಿ. ಹೆಣಿಕಿ ಸಮನಾಗಿ ಕೂಡಿಸ್ಕೋತ ಕೈಹೊಲಿಗಿ ಹಾಕ್ರಿ. 4ಕ್ಕಿಂತ ಹೆಚ್ಚು ಎಳದ್ರ ನೆರಿಗಿ ಬೀಳ್ತಾವ. ಉಳಿದ ಒಂದೊಂದು ಸೆಂ.ಮೀ. ಕಣ್ಣಿಗಿ ಬೀಳೂದಿಲ್ಲ. ಅಗಲಾದ ಕುತ್ತಿಗಿನೂ ಹಂಗೇ ಒಳಗ ಬರ್ತೈತಿ.

ಅಗಲಕ್ಕ ಬಗಲಿನ ಹೊಲಿಗಿ ಬಿಚ್ಚಿ ಅಂಚಿನಿಂದ 3 ಕುಣಿಕಿ ಒಳಗ ಹೊಲೀರಿ. ನಾಲ್ಕು ಅಂಚಿಗಿ 12 ಕುಣಿಕಿ, ಅಂದ್ರ ಸುಮಾರು 5.5 ಸೆಂ.ಮೀ. ಹೋಗ್ತೈತಿ. ಎರಡೂ ಅಂಚು ಪಕ್ಕಪಕ್ಕ ಇಟ್ಟು, ಕುಣಿಕಿಗಳ ನಡುವಿನ ಅಡ್ಡ ಎಳಿ ಒಂದೊಂದೇ ಎತ್ಕೋತ ಹೊಲಿದ್ರ ಗೆರಿ ಕಾಣೂದಿಲ್ಲ. ನಡುವಿಗಿ ಬಂದಲ್ಲಿ 5 ಕುಣಿಕಿ ತನಕ ಒಳಗ ಹೋಗಿ ಕೆಳಗ 2ಕ್ಕ ಬರ್ರಿ, ಆದ್ರ 6 ಸಾಲಿಗಿ ಒಂದೇ ಕುಣಿಕಿ ಸರೀಬೇಕು. ಬಗಲ ಕೆಳಗ ತೋಳಿನ ಹೊಲಿಗಿನೂ ಅಷ್ಟೇ ಹಿಡದು ಮೊಣಕೈ ಹೊತ್ತಿಗಿ ಸೊನ್ನಿಗಿ ತರ್ರಿ, ಇಲ್ಲಂದ್ರ ಅಲ್ಲಿ ಉಬ್ಬಿ ನಿಲ್ತೈತಿ.

ಶಹಾಪುರ ಸೀದಾ-ಉಲ್ಟಾ:
ಉದ್ದದ ಕೆಲಸಾನ ಬಗಲು ಹೊಲಿಯೂಕ್ಕಿಂತ ಮುಂಚೆ ಮುಗಸ್ರಿ, ತುಂಡು ಚಪ್ಪಟ ಇದ್ದಾಗ ಸಲೀಸು. ತಳದ ಅಂಚು ಎಳದ್ರ ಬಿಚ್ಚೂದಿಲ್ಲ, ಹೆಣಿಕಿ ಮುಗಿದ ಕಡಿಂದಷ್ಟೇ ಬಿಚ್ಚತೈತಿ. ಬಾರ್ಡರ್ 6 ಸೆಂ.ಮೀ. ಇಡೂದಾದ್ರ ಭುಜದಿಂದ 51ಕ್ಕ ಒಂದು ಸಾಲು ಆರಿಸಿ, ಪ್ರತಿ ಕುಣಿಕಿಯ ಬಲಗಾಲಿನಾಗ 2.5 ಮಿ.ಮೀ. ಕಡ್ಡಿ ಹಾಯಿಸ್ರಿ. ಅದರ ಕೆಳಗಿನ ಸಾಲಿನ ನಡುಮಧ್ಯ ಒಂದೇ ಕುಣಿಕಿ ಕತ್ತರಿಸಿ, ಎರಡೂ ಕಡಿಗಿ ಎಳಿ ಬಿಡಸ್ಕೋತ ಹೋಗ್ರಿ. ತಳದ ತುಂಡು ಬ್ಯಾರೆ ಆಗ್ತೈತಿ. ದಾರದ ಚಿಂತಿ ಬ್ಯಾಡ: ಆ ತುಂಡು 13 ಸೆಂ.ಮೀ., ಮ್ಯಾಲಿನ ತುದಿಯಿಂದ ಬಿಚ್ಚಿದ್ರ ಹೊಸ ಬಾರ್ಡರಿಗಿ ಸಾಕಾಗಿ ಉಳೀತೈತಿ.

3.25 ಕಡ್ಡಿಲೆ 2 ಸೀದಾ 2 ಉಲ್ಟಾ ಕೆಳಮುಖ ಹೆಣೀರಿ. ದಿಕ್ಕು ಬದಲಾದಾಗ ಕುಣಿಕಿ ಅರ್ಧ ಸರೀತೈತಿ, ಒಂದು ಕಮ್ಮಿ ಬಂದ್ರ ಅಂಚಿಗಿ ಒಂದು ಕೂಡಸ್ರಿ. ಸಾದಾ ಹೆಣಿಕ್ಯಾಗ ಗೊತ್ತಾಗೂದಿಲ್ಲ. ಹಳೇ ಬಾರ್ಡರ್ ಉಳಿಸಿ ಸೂಜಿಲೆ ಜೋಡಿಸಿದ್ರ ದಿಕ್ಕು ಒಂದೇ ಇರೂದರಿಂದ ಕುಣಿಕಿ ಹಂಗ ಅರ್ಧ ಸರಿಯೂದಿಲ್ಲ. ಕಡೀ ಸಾಲು ಮುಚ್ಚೂದು 4 ಮಿ.ಮೀ. ಕಡ್ಡಿಲೆ, ಸಡಿಲಾಗಿ. ತೋಳಿಗೂ ಇದೇ ರೀತಿ.

ಗುಮ್ಮಟದ ನೆರಳು:
ನಡುವಿಗಿ 5 ಕುಣಿಕಿ ನನಗ ಒಪ್ಪಿಗಿ ಇಲ್ಲ. ಒಳಗ 2.3 ಸೆಂ.ಮೀ. ದಪ್ಪ ಅಂಚು ಉಳೀತದ, ಮೈಗಿ ಅಂಟಿ ನಿಂತಲ್ಲಿ ಹೊರಗ ಕಾಣ್ತದ. 4 ಸಾಕು.

ಕತ್ತರಿ ಹಚ್ಚೂಕ್ಕಿಂತ ಮೊದಲ ದಾರ ನೋಡ್ರಿ. ಒಂದು ತುಂಡು ಚಿಮಟಿಲೆ ಹಿಡದು ಹೊರಗ ಸುಡ್ರಿ. ಉಲ್ಲನ್ ಆದ್ರ ಕೂದಲ ಸುಟ್ಟ ವಾಸನಿ, ಬೆರಳಾಗ ಪುಡಿಯಾಗೂ ಬೂದಿ. ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಆಗ್ತದ. ಮಿಕ್ಸ್ ಇದ್ರ ಎರಡೂ. ಅಕ್ರಿಲಿಕ್ ಹೆಚ್ಚಿದ್ರ ಇಸ್ತ್ರಿ ತಾಗಿಸಲೇಬ್ಯಾಡ್ರಿ, ಒಮ್ಮೆ ಜೋಲು ಬಿತ್ತಂದ್ರ ಮತ್ತ ತಿರುಗಿ ಬರೂದಿಲ್ಲ.

ಬಿಚ್ಚಿದ ದಾರ ಸುರುಳಿ ಸುರುಳಿ ಇರ್ತದ, ಹಂಗೇ ಹೆಣೆದ್ರ ಸಾಲು ಏರುಪೇರು. ಕುರ್ಚಿ ಬೆನ್ನಿಗಿ ಸುತ್ತಿ ನಾಲ್ಕು ಕಡೆ ಸಡಿಲ ಕಟ್ಟಿ, ಉಗುರುಬೆಚ್ಚಗಿನ ನೀರಾಗ ನೆನಸಿ ಒಣಗಸ್ರಿ.

ಟಿಳಕವಾಡಿ ಕಡ್ಡಿ:
ವಾಸನಿನೂ ಬಂತು, ಮಣಿನೂ ಆತು. ಇನ್ನೊಂದ್ರಿ: ಮುಂದಿನ ಅಂಚು ಹಿಂದಿನಕ್ಕಿಂತ 3 ಸೆಂ.ಮೀ. ಮ್ಯಾಲೆ ಎತ್ತಿ ನಿಲ್ತೈತಿ.

ಶಹಾಪುರ ಸೀದಾ-ಉಲ್ಟಾ:
ಎದಿ ತುಂಬಿದ್ರ ಹಂಗಾಗ್ತೈತಿ. ಮುಂದಿನ ತುಂಡಿಗಿ ಬಾರ್ಡರ್ ಹಾಕೂಕ್ಕಿಂತ ಮೊದಲ 8 ಸಾಲು ಅರ್ಧಕ್ಕ ತಿರುಗಿಸಿ ಹೆಣೀರಿ: ಮೊದಲ ಸಲ ಎರಡೂ ಅಂಚಿಗಿ 5 ಕುಣಿಕಿ ಬಿಟ್ಟು ತಿರುಗ್ರಿ, ಆಮ್ಯಾಲೆ 10, 15, 20. ತಿರುಗೂ ಮುಂದ ಪಕ್ಕದ ಕುಣಿಕಿಗಿ ದಾರ ಒಂದು ಸುತ್ತು ಹಾಕದಿದ್ರ ಅಲ್ಲಿ ತೂತು ಬೀಳ್ತೈತಿ. ನಡುಭಾಗ ಉದ್ದ ಆಗ್ತೈತಿ, ಬಗಲಿನ ಅಳತಿ ಹಂಗೇ ಉಳೀತೈತಿ.

ಗುಮ್ಮಟದ ನೆರಳು:
ಮುಗಿದ ಮ್ಯಾಲೆ ತಣ್ಣೀರಾಗ 20 ನಿಮಿಷ ನೆನಸಿ, ಹಿಂಡದ ಟವೆಲ್‌ನ್ಯಾಗ ಸುತ್ತಿ ಒತ್ರಿ. ಟೇಪ್ ಹಿಡದು ಉದ್ದ 57, ಎದಿ ಸುತ್ತಳತಿ 98 ಸೆಂ.ಮೀ. ಬರೂವಂಗ ಚಪ್ಪಟ ಹಾಸ್ರಿ, ತಂತಿ ಮ್ಯಾಲೆ ಹಾಕಬ್ಯಾಡ್ರಿ. ನಮ್ಮ ವಿಜಯಪುರದಾಗ ನೆರಳಾಗ ಇಟ್ರೂ ಒಣಗ್ತದ. ನಿಮ್ಮ ಬೆಳಗಾವಿ ಮಳ್ಯಾಗ ಆದ್ರ ಫ್ಯಾನಿನ ಕೆಳಗ ಇಟ್ಟು ಟವೆಲ್ ಎರಡು ಸಲ ಬದಲಸ್ರಿ, ಇಲ್ಲಂದ್ರ ಮುಗ್ಗಲ ವಾಸನಿ ಹಿಡೀತದ.